ಕಾಕು ಹೇಳಿದ ರಾಣಿಯ ಮಾತು

ಒಣಶುಂಠಿ, ಅಜವಾನ, ಬೆಲ್ಲ ಕುದಿಯುವ ವಾಸನೆ ಎಲ್ಲಿಂದ ಬಂದರೂ ಸರಿ, ನಾನು ಸೋಲಾಪುರದ ಈ ಮೂರನೇ ಮಹಡಿಯಲ್ಲಿ ಇರುವುದಿಲ್ಲ. ಕುರನೂರಿನ ನಮ್ಮ ಪಡಸಾಲೆಯಲ್ಲಿ, ಭಾನುವಾರ ಮುಂಜಾನೆ, ಟಿ.ವಿ. ಮುಂದೆ ಕೂತಿರುತ್ತೇನೆ. ರಾಜ, ರಾಣಿ, ಮಾಂತ್ರಿಕರ ಹಿಂದಿ ಧಾರಾವಾಹಿ. ಯುದ್ಧಕ್ಕೆ ಮೊದಲು ರಾಜವೈದ್ಯ ಕೊಪ್ಪರಿಗೆಯಲ್ಲಿ ಮಾಯದ ಮದ್ದು ಕುದಿಸುತ್ತಿದ್ದ. ಅದೇ ಹೊತ್ತಿಗೆ ಒಳಗೆ ನಮ್ಮ ಕಾಕು, ಅಂದರೆ ಅಪ್ಪನ ತಮ್ಮನ ಹೆಂಡತಿ, ಒಲೆಯ ಮೇಲೆ ಕಷಾಯ ಇಡುತ್ತಿದ್ದಳು. "ಕುಡೀರಿ, ಮೈಯಾಗ ಆನಿ ಬಲ ಬರ್ತೈತಿ," ಎನ್ನುವಳು. ನಾವು ಹುಡುಗರು ಗಟಗಟ ಕುಡಿದು, ಜೋಳದ ದಂಟಿನ ಕತ್ತಿ, ಮೊರದ ಗುರಾಣಿ ಹಿಡಿದು ಅಂಗಳಕ್ಕೆ ನುಗ್ಗುತ್ತಿದ್ದೆವು.

ನಮಗೆ ಹಿಂದಿ ಅರೆಬರೆ, ಕಾಕುವಿಗೂ ಅಷ್ಟಕ್ಕಷ್ಟೇ. ಆದರೂ ಕಥೆಯನ್ನು ಕನ್ನಡದಲ್ಲಿ ಹೇಳುವವಳು ಆಕೆಯೇ, ಅದೂ ಅಡುಗೆಮನೆಯ ಬಾಗಿಲ ಮರೆಯಿಂದ. ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ನಮ್ಮ ಮನೆಯ ಹೆಂಗಸರಿಗೆ ಇರಲಿಲ್ಲ. ಅಪ್ಪ ಪಡಸಾಲೆಯಲ್ಲಿದ್ದರೆ ಆಕೆಯ ದನಿ ಮಾತ್ರ ಹೊರಗೆ ಬರುತ್ತಿತ್ತು. ಎಂಥಾ ದನಿ ಅಂತೀರಿ! ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದಿದ್ದರೆ, ಅದು ನಿಂತ ಮೇಲೆ ಮನೆ ಹೇಗೆ ಭಣಗುಡುತ್ತದೆಂದು ನಿಮಗೆ ಗೊತ್ತು.

ಕಾಕಾ ತೀರಿಕೊಂಡ ವರ್ಷ, ಕಾಕುವನ್ನು ತವರಿಗೆ ಸಾಗಹಾಕಬೇಕೆಂದು ಅಪ್ಪ ನಿರ್ಧರಿಸಿದ. ಕಾಕಾನ ಪಾಲಿನ ಹೊಲದ ಮೇಲೆ ಅವನ ಕಣ್ಣಿತ್ತು. ಹಡೆದ ಅಪ್ಪನಾದರೂ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಕರೆದೊಯ್ಯಲು ಭಂಡಾರಕವಠೆಯಿಂದ ಆಕೆಯ ಅಣ್ಣ ಬಂದದ್ದೂ ಒಂದು ಭಾನುವಾರವೇ. ಅವತ್ತು ಟಿ.ವಿ.ಯಲ್ಲಿ ವೈರಿಗಳು ಕೋಟೆಯನ್ನು ಸುತ್ತುವರಿದಿದ್ದರು. ಸುರಂಗದಿಂದ ಪಾರಾಗಿ ಎಂದು ಮಂತ್ರಿ ಕೈಮುಗಿದ. ರಾಣಿ ಅಳುತ್ತ ಏನೋ ಅಂದಳು. ಬಾಗಿಲ ಮರೆಯಿಂದ ಕಾಕುವಿನ ದನಿ ಬಂತು:

"ಕೇಳ್ರಿ, ರಾಣಿ ಹೇಳಾಕತ್ತಾಳ. ಇದು ನನ್ನ ಗಂಡನ ಕ್ವಾಟಿ. ಮದ್ದು ಕುದಿಸೀನಿ, ಮಂದಿ ಕೂಡಿಸೀನಿ. ನಾ ಎಲ್ಲಿಗೂ ಹೋಗಂಗಿಲ್ಲ."

ಸೋಲಾಪುರದ ಪೇಟೆಯಲ್ಲಿ ಓಡಾಡಿ ಹಿಂದಿ ಬಲ್ಲ ಅಪ್ಪ ಸಿಡುಕಿದ. "ಅಕಿ ಹಂಗ ಅಂದಿಲ್ಲ. ಹೋಗ್ತೀನಿ ಅಂದಾಳ."

ಕಾಕು ಪಡಸಾಲೆಗೆ ಬಂದಳು. ತಲೆಯ ಮೇಲೆ ಸೆರಗಿತ್ತು, ಕಣ್ಣು ನೆಟ್ಟಗೆ ಅಪ್ಪನ ಮೇಲಿತ್ತು.

"ಅಕಿ ಅಂದಿಲ್ಲಂದ್ರ ಬಿಡ್ರಿ, ಬಾವಾರ. ನಾ ಅಂದೀನಿ."

ಆಮೇಲೆ ಅಣ್ಣನ ಕೈಗೆ ಕಷಾಯದ ಬಟ್ಟಲು ಕೊಟ್ಟಳು. "ಕುಡಿ ಅಣ್ಣಾ. ಬಿಸಿಲಾಗ ಒಬ್ಬನ ಹೋಗಬೇಕು." ಅವನು ತಲೆ ತಗ್ಗಿಸಿ ಕುಡಿದ, ಒಬ್ಬನೇ ಹೋದ. ಅಪ್ಪ ಎದ್ದು ಟಿ.ವಿ. ಆರಿಸಿದ, ಅಷ್ಟೇ. ನನಗೋ ಕುಣಿಯಬೇಕು ಅನ್ನಿಸಿತ್ತು.

ಕಾಕು ಆ ಹೊಲವನ್ನು ತಾನೇ ನಿಂತು ಮಾಡಿಸಿದಳು, ಕೊನೆಯವರೆಗೂ. ಈಗ ಅಪ್ಪ ಇಲ್ಲ, ಮನೆ ಬಿದ್ದು ಬರೀ ಕಲ್ಲು ಉಳಿದಿವೆ. ಕಾಕುವನ್ನು ಅದೇ ಹೊಲದ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು. ಒಳ್ಳೆ ರೇಟು ಬಂದಿದೆ, ಮಾರಿಬಿಡೋಣ ಎಂದು ತಮ್ಮ ಆಗಾಗ ಫೋನ್ ಮಾಡುತ್ತಾನೆ.

"ಕಾಕು ಅಲ್ಲೇ ಅದಾಳಲ್ಲೋ," ಎನ್ನುತ್ತೇನೆ. "ಮೊದಲ ಅಕಿನ್ನ ಕೇಳು, ಹೋಗು."