ಠಾಣೆಯ ಚರ್ಚಿನಲ್ಲಿ ಗಾರೆ ಕಲಸಿದ ತೊಟ್ಟಿ

ಜನವರಿಯ ಒಂದು ಶನಿವಾರ ಬೆಳಗ್ಗೆ ಡೊಂಬಿವಲಿಯಿಂದ ಠಾಣೆಗೆ ಹೊರಟೆವು. ಹತ್ತು ರೂಪಾಯಿಯ ಟಿಕೆಟ್, ಸ್ಲೋ ಲೋಕಲ್, ಅರ್ಧ ಗಂಟೆಯ ದಾರಿ. ಜೊತೆಗಿದ್ದವರು ನಮ್ಮ ಬಿಲ್ಡಿಂಗಿನ ಗ್ರೇಸಕ್ಕ, ಉಡುಪಿಯವರು, ಎಪ್ಪತ್ತು ದಾಟಿದವರು. ಠಾಣೆಯಲ್ಲಿ ಇಂಗ್ಲಿಷರು ಕಟ್ಟಿಸಿದ ಹಳೆಯ ಚರ್ಚೊಂದರಲ್ಲಿ ಅವರ ಮದುವೆಯಾಗಿತ್ತು. ಮಂಡಿನೋವಿನಿಂದಾಗಿ ಎರಡು ವರ್ಷದಿಂದ ಅತ್ತ ಹೋಗಿರಲಿಲ್ಲ. ನಾನು ಕಾಲೇಜಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸಲು ಕಲಿಸುವವಳು. ಆ ಚರ್ಚನ್ನು ಅಳೆದು ಚಿತ್ರ ಮಾಡಿಕೊಳ್ಳುವ ಆಸೆ ಬಹಳ ದಿನಗಳಿಂದ ಇತ್ತು.

ಸ್ಟೇಷನ್ನಿನ ಬಳಿ ಇಡ್ಲಿ ತಿಂದು ರಿಕ್ಷಾ ಹಿಡಿದೆವು. ಹೊರಗಿನಿಂದ ಚರ್ಚು ಚೆನ್ನಾಗಿಯೇ ಕಂಡಿತು: ಕರಿಕಲ್ಲಿನ ಗೋಡೆ, ಮೊನೆಯಾದ ಕಮಾನಿನ ಕಿಟಕಿಗಳು, ಕಡಿದಾದ ಹಂಚಿನ ಮಾಡು, ಅದರ ತುದಿಯಲ್ಲಿ ಒಂದೇ ಗಂಟೆಯ ಪುಟ್ಟ ಗೋಪುರ. ಒಳಗೆ ತೇಗದ ತೊಲೆಗಳು ಕವುಚಿಟ್ಟ ದೋಣಿಯಂತೆ ಹೆಣೆದುಕೊಂಡಿದ್ದವು. ಪೂರ್ವದ ಕಿಟಕಿಯ ಬಣ್ಣದ ಗಾಜಿನಿಂದ ನೀಲಿ, ಕೆಂಪು ಬೆಳಕು ನೆಲಕ್ಕೆ ಬಿದ್ದಿತ್ತು.

ಆ ನೆಲ ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಕಲ್ಲುಹಾಸಿನ ಮೇಲೆ ಅರ್ಧದವರೆಗೆ ಹೊಳೆಯುವ ಬಿಳಿ ಟೈಲ್ಸ್ ಕೂರಿಸಿಯಾಗಿತ್ತು, ಬಚ್ಚಲುಮನೆಗೆ ಹಾಕುವಂಥವು. ಪಾದ್ರಿ ನಿಂತು ಬೋಧಿಸುವ ಪ್ರಸಂಗಪೀಠದ ಕೆತ್ತನೆಗೆ ಕಂದು ಎಣ್ಣೆಬಣ್ಣ ಬಳಿದಿದ್ದರು. ಬಾಗಿಲ ಬಳಿ, ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಯೊಳಗೆ, ಒಬ್ಬ ಗಾರೆ ಕಲಸುತ್ತಿದ್ದ!

ಗ್ರೇಸಕ್ಕ ಕೋಲು ಊರಿಕೊಂಡು ಓಡಿದಂತೆಯೇ ಹೋದರು. "ಅಯ್ಯೋ, ಎಂತ ಮಾಡುದು ನೀವು? ನನ್ನ ಮೂರೂ ಮಕ್ಕಳಿಗೆ ಇದರಲ್ಲೇ ದೀಕ್ಷಾಸ್ನಾನ ಆದದ್ದು!"

ಕನ್ನಡ ಕೇಳಿ ಆತ ಎದ್ದು ನಿಂತ. ಕಲಬುರಗಿ ಕಡೆಯವನು, ಹೆಸರು ಶರಣಪ್ಪ. "ನಮಗ ಗೊತ್ತಿಲ್ರೀ ಯವ್ವಾ. ಹಳೇ ಕಲ್ಲೈತಿ, ಅದ್ರಾಗ ಕಲಸು ಅಂದ್ರು."

ಕೆಲಸ ಮಾಡಿಸುತ್ತಿದ್ದ ಮುಕಾದಮ ಬಂದ. "ಪುರಾನಾ ಮಾಲ್ ಹೈ, ಮ್ಯಾಡಮ್. ನಯಾ ಫೈಬರ್ ಕಾ ಆಯೇಗಾ," ಎಂದು ನಕ್ಕ. ಹಳೇ ಸಾಮಾನಂತೆ, ಫೈಬರಿನ ಹೊಸ ತೊಟ್ಟಿ ಬರುತ್ತದಂತೆ! ನಾನು ಬಾಯಿಗೆ ಬಂದ ಹಿಂದಿಯಲ್ಲಿ ಕೂಗಾಡಿದೆ. ಅವನು ಕಿವಿಗೇ ಹಾಕಿಕೊಳ್ಳದೆ ಶರಣಪ್ಪನಿಗೆ ಮುಂದಿನ ಹಾಸುಗಲ್ಲು ತೋರಿಸಿದ.

ಅದರಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು. "ಏನ್ ಬರದಾರ್ರೀ ಅಕ್ಕಾರ?" ಎಂದ ಶರಣಪ್ಪ. ಮಂಡಿಯೂರಿ, ಧೂಳು ಒರೆಸಿ ಓದಿ ಹೇಳಿದೆ. ಜ್ವರದಿಂದ ತೀರಿಕೊಂಡ ಹದಿನೇಳು ತಿಂಗಳ ಮಗಳಿಗೆ ತಂದೆತಾಯಿ ಹಾಕಿಸಿದ ಕಲ್ಲು.

ಅವನು ಕರಣೆ ಕೆಳಗಿಟ್ಟ. "ಕೂಸಿನ ಮ್ಯಾಲ ನಾ ಟೈಲ್ಸ್ ಹಾಕಂಗಿಲ್ರೀ."

"ತೋ ಘರ್ ಜಾ," ಹಾಗಾದರೆ ಮನೆಗೆ ನಡೆ ಎಂದ ಮುಕಾದಮ, ಕರಣೆ ಕೆಳಗಿಟ್ಟದ್ದು ಕಂಡು.

ಶರಣಪ್ಪ ಕದಲಲಿಲ್ಲ. ಗ್ರೇಸಕ್ಕ ಪಕ್ಕದ ಬೆಂಚಿನಲ್ಲಿ ಕೂತು ಚರ್ಚಿನ ಸಮಿತಿಯವರಿಗೆ ಒಬ್ಬೊಬ್ಬರಿಗೂ ಫೋನ್ ಹಚ್ಚಿದರು. ಒಂದು ಗಂಟೆಯ ಮೇಲೆ ಹಿರಿಯರೊಬ್ಬರು ಬಂದರು. ಯಾರೋ ಟೈಲ್ಸ್ ದಾನ ಕೊಟ್ಟರು, ಬೇಡವೆನ್ನಲಾಗಲಿಲ್ಲ ಎಂದು ಮರಾಠಿಯಲ್ಲಿ ಗೊಣಗಿದರು. ಸಿಟ್ಟಿನಲ್ಲಿ ಗ್ರೇಸಕ್ಕನಿಗೆ ಮರಾಠಿ ಮರೆತೇಹೋಯಿತು. "ಬೇಡ ಅನ್ಲಿಕ್ಕೆ ಎರಡಕ್ಷರ ಸಾಕಿತ್ತಲ್ಲ! ಎಂತ ನೋಡ್ಕೊಂಡು ಕೂತದ್ದು ನೀವೆಲ್ಲ?" ಭಾಷೆ ತಿಳಿಯದಿದ್ದರೂ ಆ ಮನುಷ್ಯ ತಲೆ ತಗ್ಗಿಸಿದರು, ಕೆಲಸ ನಿಲ್ಲಿಸಲು ಹೇಳಿದರು.

ಶರಣಪ್ಪ ಗಾರೆ ಗಟ್ಟಿಯಾಗುವ ಮೊದಲೇ ಬಾಚಿ ತೆಗೆದು, ನಾಲ್ಕು ಬಕೆಟ್ ನೀರಿನಲ್ಲಿ ತೊಟ್ಟಿ ತೊಳೆದ. ಅಂಚಿನ ದ್ರಾಕ್ಷಿಬಳ್ಳಿಯ ಕೆತ್ತನೆ ಸಲಿಕೆಯ ಏಟಿಗೆ ಎರಡು ಕಡೆ ಮುಕ್ಕಾಗಿತ್ತು. ಅದನ್ನು ಯಾರೂ ಸರಿಮಾಡಲಾರರು. ಗ್ರೇಸಕ್ಕ ಅಲ್ಲಿ ಕೈಯಾಡಿಸಿ, "ನಾಳೆ ಆರಾಧನೆಗೆ ಬರ್ತೇನೆ. ಎಲ್ಲರೆದುರು ಕೇಳ್ತೇನೆ," ಎಂದರು.

ಬಾಗಿಲಲ್ಲಿ ಹಿಂತಿರುಗಿ ನೋಡಿದೆ. ಶರಣಪ್ಪ ಒಂದು ಗೋಣಿಚೀಲ ಕೊಡವಿ, ಮಗುವಿನ ಕಲ್ಲಿನ ಮೇಲೆ ಹೊದಿಸುತ್ತಿದ್ದ.