ಒಂಬತ್ತು ಇಪ್ಪತ್ತರಿಂದ ಐದು ನಲವತ್ತರವರೆಗೆ

ಗೆಲ್ಲುವುದಕ್ಕೆ ಆಗುವುದೇ ಇಲ್ಲ ಎಂದವರು ನಮ್ಮ ಭಾವನವರು, ನನ್ನ ಗಂಡನ ಅಣ್ಣ. ಜಾನ್ಸ್ ಕ್ರೀಕಿನಲ್ಲಿ ಮನೆ ಮಾಡಿ ಇಪ್ಪತ್ತು ವರ್ಷವಾದವರು. ಅಮೆರಿಕದ ಯಾವ ವಿಷಯವಾದರೂ ಕೊನೆಯ ಮಾತು ಅವರದೇ.

"ಪ್ರೈವೇಟ್ ಪಾರ್ಕಿಂಗ್‌ನೋರ ಹತ್ರ ಅಪೀಲ್ ಮಾಡಿ ಗೆದ್ದೋರನ್ನ ನಾನಂತೂ ನೋಡಿಲ್ಲಮ್ಮ. ಪೇ ಮಾಡಿ ಕೈ ತೊಳ್ಕೋ. ಇದೇನು ನಿಮ್ಮಪ್ಪನ ಸೈಕಲ್ ಸ್ಟ್ಯಾಂಡಾ?"

ನಮ್ಮಪ್ಪ ಮಂಡ್ಯದಲ್ಲಿ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುತ್ತಿದ್ದದ್ದು ನಿಜ. ಆ ಸಂಪಾದನೆಯಲ್ಲೇ ಓದಿ, ಎರಡು ಸಲ ಫೇಲಾಗಿ, ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಾಸಾದವಳು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಗಂಡನ ಮನೆಯಲ್ಲಿ ಎಲ್ಲರೂ ಇಂಜಿನಿಯರುಗಳು. ಕಾಗದ ಬಂದರೆ ಕಣ್ಣಾಡಿಸಿ ಸಹಿ ಹಾಕುತ್ತಾರೆ. ನಾನು ಹಿಂದೆ ಮುಂದೆ ಎರಡೂ ಕಡೆ ಓದುತ್ತೇನೆ.

ಪಾರ್ಕಿಂಗ್ ದಂಡದ ಈ ಕಾಗದ ನನ್ನ ಹೆಸರಿಗೇ ಬಂದಿತ್ತು. ಕಾರು ನನ್ನ ಹೆಸರಿನಲ್ಲಿ ನೋಂದಣಿಯಾಗಿದ್ದರಿಂದ ಓಡಿಸಿದವರು ಯಾರೇ ಆಗಲಿ ನನ್ನನ್ನೇ ಕೇಳುತ್ತಾರೆ. ಅಟ್ಲಾಂಟಾದ ಮಿಡ್‌ಟೌನಿನ ಒಂದು ಖಾಸಗಿ ಪಾರ್ಕಿಂಗ್ ಜಾಗದಲ್ಲಿ, ಶುಕ್ರವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತರಿಂದ ಸಂಜೆ ಐದು ನಲವತ್ತರವರೆಗೆ ನಿಮ್ಮ ಕಾರು ನಿಂತಿತ್ತು, ಹಣ ಕಟ್ಟಿಲ್ಲ, ಅಂತ. ಮೊದಲು ಕಾಗದದ ಮೇಲೇ ಅನುಮಾನ ಬಂತು. ಫೋನಿನಿಂದ ಸ್ಕ್ಯಾನ್ ಮಾಡಿ ಎಂದು ಮೂಲೆಯಲ್ಲೊಂದು ಚೌಕವಿತ್ತು. ನಾನು ಮಾಡಲಿಲ್ಲ. ಆ ಕೋವಿಡ್ ಕಾಲದಿಂದ ಎಷ್ಟು ಜನ ಇಂಥ ಚೌಕಗಳಿಂದ ಮೋಸಹೋಗಿದ್ದರು!

ಆಮೇಲೆ ಅನುಮಾನ ಮನೆಯೊಳಗೇ ಬಂತು.

ಆ ಶುಕ್ರವಾರ ಕಾರು ತೆಗೆದುಕೊಂಡು ಹೋದವಳು ನನ್ನ ನಾದಿನಿ, ಗಂಡನ ತಂಗಿ. ಎಂ.ಎಸ್. ಮುಗಿಸಿ ಡುಲುತ್‌ನ ನಮ್ಮ ಮನೆಯಲ್ಲೇ ಇದ್ದಳು. ಪಕ್ಕದ ರಾಜ್ಯದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ ಸಿಕ್ಕಿ, ಕೆಲವೇ ವಾರಗಳಲ್ಲಿ ಹೊರಡುವವಳಿದ್ದಳು. ಅಲ್ಲಿ ಕಾರಿಲ್ಲದೆ ಹೆಜ್ಜೆ ಇಡಲಾಗದು. ನನ್ನ ಹಳೆಯ ಬಿಳಿ ಕಾರು ಅವಳಿಗೆ ಎಂದು ಮಾತಾಗಿತ್ತು. ಬೇರೆಯವರಾಗಿದ್ದರೆ ಮೊದಲು ಕಾಗದಪತ್ರ ಮಾಡಿಸುತ್ತಿದ್ದರು. ನಾವು ಮೊದಲು ಪೂಜೆ ಮಾಡಿಸಿದೆವು. ಆ ಶುಕ್ರವಾರ ದಿನ ಚೆನ್ನಾಗಿದೆ ಎಂದು ಅತ್ತೆ ಮೈಸೂರಿನಿಂದ ಫೋನ್ ಮಾಡಿದ್ದರು. ಟೈಟಲ್, ಅಂದರೆ ಕಾರಿನ ಒಡೆತನದ ಸರ್ಟಿಫಿಕೇಟು, ಇನ್ನೂ ನನ್ನ ಡಿಗ್ರಿ ಸರ್ಟಿಫಿಕೇಟಿನ ಫೈಲಿನಲ್ಲೇ ಇತ್ತು. ನಾದಿನಿ ಒಬ್ಬಳೇ ದೇವಸ್ಥಾನಕ್ಕೆ ಹೋಗಿ ಬಂದು ನನ್ನ ಕೈಗೆ ಪ್ರಸಾದ ಕೊಟ್ಟಿದ್ದಳು. ಅರ್ಧ ತೆಂಗಿನಕಾಯಿ, ಎರಡು ಬಾಳೆಹಣ್ಣು.

ದಿನವಿಡೀ ಕಾರು ಮಿಡ್‌ಟೌನಿನಲ್ಲಿ ನಿಂತಿದ್ದರೆ ಪೂಜೆ ಯಾವಾಗ ಆಯಿತು? ತೆಂಗಿನಕಾಯಿ ಇಂಡಿಯನ್ ಸ್ಟೋರಿನಲ್ಲೂ ಸಿಗುತ್ತದೆ.

"ಎಂಟು ಗಂಟೆ ಏನು ಮಾಡ್ತಿದ್ದೆ ಕಣೆ ಅಲ್ಲಿ?" ಎಂದೆ.

"ಎಂಟು ಗಂಟೆ ಇರ್ಲಿಲ್ಲ ಅತ್ತಿಗೆ. ಬೆಳಿಗ್ಗೆ ಕನ್ನಡಕ ಆರ್ಡರ್ ಮಾಡ್ದೆ, ಸಾಯಂಕಾಲ ಪಿಕಪ್ ಮಾಡ್ದೆ. ಎರಡು ಸಲನೂ ಹತ್ತಿಪ್ಪತ್ತು ನಿಮಿಷ. ಅಲ್ಲಿ ಅರ್ಧ ಗಂಟೆ ಫ್ರೀ."

"ಮತ್ತೆ ಇವರ್ಯಾಕೆ ಹೀಗೆ ಬರೆದಿದಾರೆ?"

"ಅವ್ರನ್ನ ಕೇಳಿ."

ಮುಖ ತಿರುಗಿಸಿಕೊಂಡು ಹೋದಳು. ಮುಚ್ಚಿಡುವವರೂ ಹಾಗೇ ಹೋಗುತ್ತಾರೆ ಎಂದುಕೊಂಡೆ. ಯಾರನ್ನಾದರೂ ನೋಡಲು ಹೋಗಿದ್ದಳೋ, ಕೆಲಸ ಸಿಕ್ಕಿದೆ ಎಂದದ್ದೇ ಸುಳ್ಳೋ! ಇದು ಇತ್ಯರ್ಥವಾಗುವವರೆಗೆ ಟೈಟಲ್‌ಗೆ ಸಹಿ ಹಾಕುವುದಿಲ್ಲ ಎಂದುಬಿಟ್ಟೆ. "ಪೊಲೀಸ್ ತರ ಆಡ್ಬೇಡ," ಎಂದರು ನನ್ನ ಗಂಡ. ಆಡಿದೆ.

ಕಂಪನಿಯ ವೆಬ್‌ಸೈಟಿನ ವಿಳಾಸವನ್ನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದೆ. ಕಾಗದದಲ್ಲಿ ಕಪ್ಪು ಮಸಿಯಂತಿದ್ದ ಎರಡು ಫೋಟೋ ಅಲ್ಲಿ ಬಣ್ಣದಲ್ಲಿದ್ದವು. ಬೆಳಿಗ್ಗೆ ಒಳಗೆ ಹೋಗುವಾಗಿನದು ಒಂದು, ಸಂಜೆ ಹೊರಗೆ ಬರುವಾಗಿನದು ಇನ್ನೊಂದು. ಎರಡೂ ಕಾರಿನ ಹಿಂಭಾಗ. ದೊಡ್ಡದು ಮಾಡಿ ನೋಡಿದೆ. ಬೆಳಗಿನ ಫೋಟೋದಲ್ಲಿ ಡಿಕ್ಕಿಯ ಬಾಗಿಲು ಬರೀ ಬಿಳಿ. ಸಂಜೆಯದರಲ್ಲಿ ನಂಬರ್ ಪ್ಲೇಟಿನ ಮೇಲುಗಡೆ ಮೂರು ಬೆರಳು ಎಳೆದ ಅರಿಶಿನದ ಪಟ್ಟೆ, ನಡುವೆ ಕುಂಕುಮ. ಸ್ವಸ್ತಿಕ ಬರೆದರೆ ಇಲ್ಲಿಯವರು ತಪ್ಪು ತಿಳಿಯುತ್ತಾರೆಂದು ಆ ದೇವಸ್ಥಾನದ ಭಟ್ಟರು ಮೂರು ಪಟ್ಟೆಯನ್ನೇ ಎಳೆಯುವುದು.

ನಿಂತ ಕಾರಿಗೆ ಅರಿಶಿನ ಕುಂಕುಮ ಎಲ್ಲಿಂದ ಬರಬೇಕು? ನಡುವೆ ಹೊರಗೆ ಹೋಗಿ ಬಂದಿದೆ. ಕಂಪನಿ ಮೊದಲ ಪ್ರವೇಶ ಮತ್ತು ಕೊನೆಯ ನಿರ್ಗಮನ ಹಿಡಿದುಕೊಂಡು ನಡುವಿನ ಎರಡನ್ನು ನುಂಗಿಬಿಟ್ಟಿದೆ. ನಮ್ಮಪ್ಪನ ಸ್ಟ್ಯಾಂಡಿನಲ್ಲಿ ಸೈಕಲ್ ಮಧ್ಯಾಹ್ನ ಹೊರಟರೆ ಟೋಕನ್ ವಾಪಸ್ ಬರಬೇಕಿತ್ತು. ಸಂಜೆ ಬಂದರೆ ಬೇರೆ ಟೋಕನ್.

ಇದನ್ನೆಲ್ಲ ಬರೆದು ಕಳಿಸಿದೆ. ತಿರಸ್ಕರಿಸಲಾಗಿದೆ ಎಂಬ ಉತ್ತರ ಎಷ್ಟು ಬೇಗ ಬಂತೆಂದರೆ, ಮನುಷ್ಯರು ಓದಿರಲಾರರು. ಆ ಬಣ್ಣವನ್ನು ಪಾರ್ಕಿಂಗ್ ಜಾಗದಲ್ಲೇ ಹಚ್ಚಿರಬಹುದಂತೆ.

ನಿಜ ಹೇಳಬೇಕೆಂದರೆ, ನನಗೂ ಒಂದು ಕ್ಷಣ ಹಾಗೇ ಅನಿಸಿತು. ನಾದಿನಿಯ ಕೋಣೆಯ ಬಾಗಿಲು ತಟ್ಟಿದೆ.

"ದೇವಸ್ಥಾನದ ರಸೀದಿ ಇದೆಯಾ?"

"ಪ್ರಸಾದ ಕೊಟ್ರೂ ರಸೀದಿ ಕೇಳೋದು ನೀವೊಬ್ರೇ ಅತ್ತಿಗೆ," ಎಂದಳು. ಆದರೂ ಪರ್ಸಿನಿಂದ ಒಂದು ಚೀಟಿ ತೆಗೆದು ಹಾಸಿಗೆಯ ಮೇಲೆ ಎಸೆದಳು.

ವಾಹನ ಪೂಜೆ, ಅದೇ ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹನ್ನೆರಡು ನಿಮಿಷ. ಕೆಳಗೆ ಕಾರಿನ ನಂಬರು. ಅದರ ಕೆಳಗೆ ಪೂಜೆ ಯಾರ ಹೆಸರಿನಲ್ಲಿ ಎಂಬ ಜಾಗದಲ್ಲಿ ನನ್ನ ಹೆಸರು, ನನ್ನ ನಕ್ಷತ್ರ.

"ನನ್ನ ಹೆಸರಲ್ಯಾಕೆ ಮಾಡಿಸ್ದೆ?"

"ಗಾಡಿ ಯಾರ ಹೆಸರಲ್ಲಿದೆ ಅಂದ್ರು ಭಟ್ರು. ನಿಮ್ದು ಅಂದೆ. ನಕ್ಷತ್ರ ಗೊತ್ತಿರ್ಲಿಲ್ಲ, ಮಂಡ್ಯಕ್ಕೆ ಫೋನ್ ಮಾಡಿ ನಿಮ್ಮಮ್ಮನ್ನ ಕೇಳ್ದೆ."

"ಮೊದ್ಲೇ ತೋರಿಸೋಕೆ ಏನಾಗಿತ್ತು?"

"ಕೇಳಿದ್ರಾ ನೀವು? ಎಂಟು ಗಂಟೆ ಏನ್ಮಾಡ್ತಿದ್ದೆ ಅಂದ್ರಿ."

ಚೀಟಿ ತೆಗೆದುಕೊಂಡು ಹೋಗಿ ಎರಡನೆಯ ಅಪೀಲು ಬರೆದೆ: ನಾನು ಈ ವಾಹನದ ನೋಂದಾಯಿತ ಮಾಲೀಕಳು; ಆ ದಿನ ನಿಮ್ಮ ಕ್ಯಾಮೆರಾ ಈ ನಂಬರಿನ ಎಷ್ಟು ಫೋಟೋ ತೆಗೆದಿದೆಯೋ ಅಷ್ಟನ್ನೂ ಕಳಿಸಿ; ನಿಮ್ಮ ಪ್ರಕಾರ ನಿಮ್ಮಲ್ಲಿ ನಿಂತಿದ್ದ ಹೊತ್ತಿನಲ್ಲಿ ಕಾರು ದೇವಸ್ಥಾನದಲ್ಲಿದ್ದದ್ದಕ್ಕೆ ರಸೀದಿ ಲಗತ್ತಿಸಿದೆ.

ಎರಡು ವಾರ ಸದ್ದಿಲ್ಲ. ಆಮೇಲೆ ಎರಡು ಸಾಲಿನ ಇ-ಮೇಲ್ ಬಂತು: ನೋಟಿಸನ್ನು ಹಿಂದಕ್ಕೆ ಪಡೆಯಲಾಗಿದೆ. ಕ್ಷಮೆಯಿಲ್ಲ, ಕಾರಣವಿಲ್ಲ, ನಾನು ಕೇಳಿದ ಫೋಟೋಗಳೂ ಇಲ್ಲ. ಅವು ಅವರ ಹತ್ತಿರ ಮೊದಲಿನಿಂದಲೂ ಇದ್ದವೆಂದೇ ಇವತ್ತಿಗೂ ನನ್ನ ಅನುಮಾನ. ಆ ಇ-ಮೇಲನ್ನು ಮೂರು ಪ್ರತಿ ಪ್ರಿಂಟ್ ಮಾಡಿ, ಒಂದನ್ನು ಭಾವನವರಿಗೆ ಕಳಿಸಿದೆ. "ಲಕ್ ಬಿಡು," ಎಂದರು.

ಮಾರನೆಯ ಬೆಳಿಗ್ಗೆ ನಾದಿನಿ ತಿಂಡಿ ತಿನ್ನುತ್ತಿದ್ದಾಗ ಟೈಟಲ್ ತಂದು, ಅವಳ ಎದುರಿಗೇ ಹಿಂಬದಿಗೆ ಸಹಿ ಹಾಕಿ ಕೊಟ್ಟೆ. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ, "ಇನ್ನೊಂದು ದೋಸೆ ಹಾಕ್ಲಾ?" ಎಂಬುದು ಹೊರಗೆ ಬಂತು. ಅವಳು ಕೈ ಒರೆಸಿಕೊಂಡು, ಸರ್ಟಿಫಿಕೇಟಿನ ಹಿಂದೆ ಮುಂದೆ ಎರಡೂ ಕಡೆ ಓದಿ, ನನ್ನ ಕಡೆಗೆ ಪೆನ್ನು ಚಾಚಿದಳು.

"ಎಷ್ಟು ಮೈಲಿ ಓಡಿದೆ ಅಂತ ಬರ್ದೇ ಇಲ್ವಲ್ಲ ಅತ್ತಿಗೆ. ಬನ್ನಿ, ಇಬ್ರೂ ಕೆಳಗೆ ಹೋಗಿ ನೋಡ್ಕೊಂಡು ಬರೋಣ. ಒಬ್ಳೇ ಹೋದ್ರೆ ಮತ್ತೆ ರಸೀದಿ ಕೇಳ್ತೀರ."