ಮೂರನೇ ನಂಬರ್ ಮೆಷಿನ್ ಯಾಕೆ ನಿಲ್ಲುತ್ತಿರಲಿಲ್ಲ

ಆಗ ನಾನು ನಿವೃತ್ತನಾಗಿ ಮೂರನೇ ವರ್ಷ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ಮೂವತ್ತೊಂದು ವರ್ಷ ಮೆಂಟೆನೆನ್ಸ್ ಇಂಜಿನಿಯರ್ ಆಗಿ ದುಡಿದು, ಹೆಂಡತಿಯ ಊರಾದ ಚಿಕ್ಕಮಗಳೂರಿಗೆ ಬಂದು ನೆಲೆಸಿದ್ದೆ. ವಸ್ತಾರೆ ರಸ್ತೆಯಲ್ಲಿ ರುದ್ರೇಶಪ್ಪ ಎಂಬ ವರ್ತಕರು ಹಳೆಯ ಕಾಫಿ ಗೋದಾಮೊಂದನ್ನು ಕೊಂಡು ಸಣ್ಣ ನೂಲಿನ ಮಿಲ್ಲು ಶುರುಮಾಡಿದಾಗ ಅದರ ಯಂತ್ರಗಳನ್ನು ಕೂರಿಸಿಕೊಟ್ಟವನು ನಾನೇ. ಆಮೇಲೆ ಅವರು ಕರೆದಾಗ ಹೋಗಿ ನೋಡಿ ಬರುವ ಸಲಹೆಗಾರನಾಗಿ ಉಳಿದೆ. ಈಗ ಹೇಳುತ್ತಿರುವುದು ಆ ಮಿಲ್ಲಿನ ಎರಡನೇ ಮಳೆಗಾಲದ ಜುಲೈ ತಿಂಗಳಲ್ಲಿ ನಡೆದದ್ದು.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಅನುಮಾನದ ಮನುಷ್ಯ. “ದೇವಸ್ಥಾನದಲ್ಲಿ ಪ್ರಸಾದ ಕೊಟ್ರೂ ತಿರುಗಿಸಿ ನೋಡಿಯೇ ತಿನ್ನೋದು ಇವರು” ಎಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳುವುದುಂಟು. ಗಿರಣಿಯ ಕೆಲಸ ನನ್ನನ್ನು ಹಾಗೆ ಮಾಡಿತು ಅಂತ ನಾನು ಸಮರ್ಥಿಸಿಕೊಳ್ಳುತ್ತಿದ್ದೆ. ಯಂತ್ರ ತಾನಾಗಿ ಕೆಡುವುದು ಕಡಿಮೆ, ಯಾರೋ ಕೆಡಿಸಿರುತ್ತಾರೆ ಎನ್ನುವುದು ನನ್ನ ಹಳೆಯ ಸಿದ್ಧಾಂತ. ಎಷ್ಟೋ ಸಲ ಅದು ನಿಜವೂ ಆಗಿತ್ತು.

ಪ್ರಕರಣ ಅರ್ಥವಾಗಬೇಕಾದರೆ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ನೂಲು ತೆಗೆಯುವ ಮುಂಚೆ ಹತ್ತಿಯನ್ನು ಹೆಬ್ಬೆರಳಿನ ಗಾತ್ರದ ಸಡಿಲವಾದ ಹುರಿಯಾಗಿ ಮಾಡುತ್ತಾರೆ. ಅದಕ್ಕೆ ಸ್ಲೈವರ್ ಎನ್ನುತ್ತಾರೆ. ಎದೆಮಟ್ಟದ ಡ್ರಮ್ಮಿನಂಥ ಕ್ಯಾನುಗಳಲ್ಲಿ ಅದನ್ನು ಸುರುಳಿಯಾಗಿ ತುಂಬಿರುತ್ತಾರೆ. ಡ್ರಾ ಫ್ರೇಮ್ ಎಂಬ ಯಂತ್ರ ಎಂಟು ಕ್ಯಾನುಗಳಿಂದ ಎಂಟು ಸ್ಲೈವರುಗಳನ್ನು ಒಟ್ಟಿಗೆ ಎಳೆದುಕೊಂಡು ಸಮನಾದ ಒಂದು ಸ್ಲೈವರ್ ಮಾಡುತ್ತದೆ. ಎಂಟರಲ್ಲಿ ಒಂದು ತುಂಡಾಗಿ ಏಳೇ ಓಡಿದರೆ ಬರುವ ಹತ್ತಿ ತೆಳುವಾಗುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ನೂಲಾಗಿ, ಬಟ್ಟೆಯಾಗಿ, ಬಣ್ಣ ಹಾಕಿದ ಮೇಲೆ ಪೇಲವವಾದ ಪಟ್ಟೆ ಎದ್ದು ಕಾಣುತ್ತದೆ.

ಇದನ್ನು ತಪ್ಪಿಸಲು ಇರುವುದೇ ಸ್ಟಾಪ್ ಮೋಷನ್. ಪ್ರತಿ ಸ್ಲೈವರ್ ಲೋಹದ ಎರಡು ರೋಲರುಗಳ ನಡುವೆ ಹಾದುಹೋಗುತ್ತದೆ. ನಡುವೆ ಹತ್ತಿ ಇರುವ ತನಕ ರೋಲರುಗಳು ಒಂದನ್ನೊಂದು ಮುಟ್ಟುವುದಿಲ್ಲ, ಕರೆಂಟ್ ಹರಿಯುವುದಿಲ್ಲ. ಹತ್ತಿ ತುಂಡಾದ ಕೂಡಲೇ ಮೇಲಿನ ರೋಲರ್ ಕೆಳಗಿನದರ ಮೇಲೆ ಬೀಳುತ್ತದೆ, ಸರ್ಕಿಟ್ ಕೂಡುತ್ತದೆ, ಮೋಟಾರ್ ನಿಲ್ಲುತ್ತದೆ. ತೀರಾ ಸರಳ ಏರ್ಪಾಡು. ಆದರೆ ಹತ್ತಿ ಒದ್ದೆಯಾದರೆ ಅದರೊಳಗೇ ಕರೆಂಟ್ ಹರಿದು, ಏನೂ ತುಂಡಾಗದಿದ್ದರೂ ಯಂತ್ರ ನಿಂತುಬಿಡುತ್ತದೆ. ಬಯಲುಸೀಮೆಯ ಗಿರಣಿಗಳಲ್ಲಿ ನೂಲು ಒಣಗಿ ಹರಿಯದಿರಲೆಂದು ಗಾಳಿಗೆ ನೀರು ಚಿಮುಕಿಸುತ್ತಾರೆ, ನಮ್ಮಲ್ಲಿ ತೇವ ಪುಕ್ಕಟೆ ಎಂದು ರುದ್ರೇಶಪ್ಪನವರು ಹಿಗ್ಗಿದ್ದರು. ಮಲೆನಾಡಿನ ಜುಲೈಯಲ್ಲಿ ಪುಕ್ಕಟೆ ಸಿಗುವ ತೇವ ಎಷ್ಟು ಅಂತ ಗೊತ್ತಿದ್ದೂ ಹಿಗ್ಗಿದ್ದರು.

ಆ ಜುಲೈಯಲ್ಲಿ ಅವರಿಂದ ಫೋನ್ ಬಂತು. ನೇಯ್ಗೆಯವರು ಒಂದು ಲಾಟ್ ನೂಲನ್ನು ವಾಪಸ್ ಕಳಿಸಿದ್ದರು. ಬಟ್ಟೆಯ ತುಂಬ ಪಟ್ಟೆ. “ಇನ್ನೊಂದ್ಸಲ ಹೀಗಾದ್ರೆ ನಮ್ಮ ಹತ್ರ ತಗೊಳಲ್ಲ ಅಂದಿದಾರೆ ಸಾರ್. ಯಾರು ಮಾಡಿದ್ದು ಅಂತ ಹುಡುಕಿಕೊಡಿ” ಎಂದರು. ಏನು ಕೆಟ್ಟಿದೆ ಅಂತಲ್ಲ, ಯಾರು ಮಾಡಿದ್ದು ಅಂತ. ನನಗೆ ಪ್ರಶ್ನೆ ಇಷ್ಟವಾಯಿತು.

ಹೋದೆ. ಮಿಲ್ಲಿನಲ್ಲಿ ನಾಲ್ಕು ಡ್ರಾ ಫ್ರೇಮುಗಳು. ಪ್ರತಿಯೊಂದಕ್ಕೂ ಎಷ್ಟು ಸಲ ನಿಂತಿತು ಎಂದು ಎಣಿಸುವ ಮೀಟರ್ ಉಂಟು. ಮೇಸ್ತ್ರಿ ಚಂದ್ರೇಗೌಡ ಶಿಫ್ಟ್ ಮುಗಿದಾಗ ಅದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಹಿಂದಿನ ದಿನದ್ದು ನೋಡಿದೆ. ಒಂದನೇ ನಂಬರ್ ನಲವತ್ತೊಂದು ಸಲ ನಿಂತಿತ್ತು, ಎರಡನೆಯದು ಮೂವತ್ತೆಂಟು, ನಾಲ್ಕನೆಯದು ನಲವತ್ತನಾಲ್ಕು. ಮೂರನೇ ನಂಬರ್ ಬರೀ ಆರು ಸಲ. ಹಾಳೆ ತಿರುವಿದೆ. ಮಳೆ ಹಿಡಿದಾಗಿನಿಂದಲೂ ಇದೇ ಕಥೆ.

ಅದೇ ಸೂರು, ಅದೇ ಮಳೆ, ಅದೇ ಹತ್ತಿ. ಮೂರು ಯಂತ್ರಗಳು ನಿಂತು ನಿಂತು ಸುಸ್ತಾಗುತ್ತಿರುವಾಗ ಮೂರನೇ ನಂಬರೊಂದು ಮಾತ್ರ ಓಡುತ್ತಿದೆ ಎಂದರೆ ಅದರ ಸ್ಟಾಪ್ ಮೋಷನ್ನಿಗೆ ಯಾರೋ ಬೆಣೆ ಹೊಡೆದಿದ್ದಾರೆ. ಮೇಲಿನ ರೋಲರಿನ ಕೆಳಗೆ ಬೆಂಕಿಕಡ್ಡಿ, ರಟ್ಟಿನ ಚೂರು, ಬೀಡಿಕಟ್ಟಿನ ಕಾಗದ, ಹೀಗೆ ಏನಾದರೂ ಸಿಕ್ಕಿಸಿದರೆ ಅದು ಕೆಳಗೆ ಬೀಳುವುದಿಲ್ಲ, ಯಂತ್ರ ನಿಲ್ಲುವುದಿಲ್ಲ, ಕೆಲಸಗಾರರಿಗೆ ಓಡಾಟ ತಪ್ಪುತ್ತದೆ. ದಾವಣಗೆರೆಯಲ್ಲಿ ಇಂಥವರನ್ನು ಹತ್ತಾರು ಸಲ ಹಿಡಿದಿದ್ದೆ.

ಮೂರನೇ ನಂಬರಿನಲ್ಲಿ ಇದ್ದವರು ಲಲಿತಮ್ಮ. ನಲವತ್ತೈದರ ಆಸುಪಾಸು, ಮಾತು ಕಡಿಮೆ. ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರ ಗೋದಾಮಿನಲ್ಲೂ ತೋಟದಲ್ಲೂ ಹನ್ನೆರಡು ವರ್ಷ ದುಡಿದವರು. ಇಳಿಜಾರಿನಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟಾದ ಮೇಲೆ ಗುಡ್ಡ ಹತ್ತಿ ಹಣ್ಣು ಕುಯ್ಯಲು ಆಗದೆ ಮಿಲ್ಲು ಸೇರಿದ್ದರು. ಸಮತಟ್ಟು ನೆಲದಲ್ಲಿ ನಿಂತು ಮಾಡುವ ಕೆಲಸ ಆ ಸುತ್ತಿನಲ್ಲಿ ಅವರಿಗೆ ಇದೊಂದೇ. ಇದೆಲ್ಲ ಚಂದ್ರೇಗೌಡ ಹೇಳಿದ. ನಾನು ಅರ್ಧ ಕಿವಿ ಕೊಟ್ಟು ಕೇಳಿಸಿಕೊಂಡೆ.

ಮೂರನೇ ನಂಬರಿನ ಹತ್ತಿರ ಹೋಗಿ ಓಡುತ್ತಿದ್ದ ಸ್ಲೈವರ್ ಒಂದನ್ನು ಕೈಯಿಂದ ಹರಿದೆ. ಯಂತ್ರ ತಕ್ಷಣ ನಿಂತಿತು. ಎಂಟನ್ನೂ ಒಂದೊಂದಾಗಿ ಹರಿದೆ, ಎಂಟು ಸಲವೂ ನಿಂತಿತು. ನಾನು ಬರುವುದು ಕಂಡು ಬೆಣೆ ತೆಗೆದಿದ್ದಾರೆ ಎಂದುಕೊಂಡೆ. ಮಾರನೆಯ ದಿನ ಹೇಳದೆ ಹೋದೆ. ಆಗಲೂ ನಿಂತಿತು. ನನ್ನ ಸ್ಕೂಟರಿನ ಸದ್ದು ಕೇಳಿ ಎಚ್ಚರಾಗುತ್ತಾರೆ ಎನಿಸಿ ಮೂರನೆಯ ದಿನ ಸ್ಕೂಟರನ್ನು ಫರ್ಲಾಂಗು ದೂರದ ಟೀ ಅಂಗಡಿಯಲ್ಲಿ ಬಿಟ್ಟು, ಕೊಡೆ ಹಿಡಿದು ನಡೆದು ಹೋಗಿ ಹಿಂಬಾಗಿಲಿನಿಂದ ಒಳಹೊಕ್ಕೆ. ಆಗಲೂ ಯಂತ್ರ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಆ ಸಂಜೆ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಶಿಫ್ಟ್ ಬಿಟ್ಟು ಎಲ್ಲರೂ ಗೇಟಿನ ಹತ್ತಿರ ಬರುತ್ತಿದ್ದಾಗ ವಾಚ್‌ಮನ್‌ಗೆ ಹೇಳಿ ಲಲಿತಮ್ಮನ ಬ್ಯಾಗ್ ತೆಗೆಸಿದೆ. ಟಿಫನ್ ಡಬ್ಬಿ, ಛತ್ರಿ, ಮೊಣಕಾಲಿಗೆ ಸುತ್ತುವ ಬಟ್ಟೆ, ಅವುಗಳ ಕೆಳಗೆ ಬೆರಳಗಲದ ನಾಲ್ಕು ಮರದ ಚಕ್ಕೆಗಳು. ಇಪ್ಪತ್ತು ಜನ ನೋಡುತ್ತಿದ್ದರು.

“ಇದೆಂತದಮ್ಮ?” ಎಂದೆ.

“ಹಲಗೆ ಅಲ್ಲಾಡ್ತದೆ ಸಾರ್. ಅದರಡಿ ಕೊಡೋಕೆ ಮನೆಯಿಂದ ತಂದಿದ್ದೆ, ಇವತ್ತು ಆಗ್ಲಿಲ್ಲ.”

“ಯಾವ ಹಲಗೆ? ಮೆಷಿನ್ನಿಗೆ ಹಲಗೆ ಎಲ್ಲಿದೆ?”

ಅವರು ಏನೋ ಹೇಳಲು ಬಾಯಿ ತೆರೆದವರು ಸುತ್ತ ನಿಂತವರನ್ನು ನೋಡಿ ಸುಮ್ಮನಾದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದನ್ನೇ ಎಂದು ನಾನು ತೀರ್ಮಾನಿಸಿದೆ. ರುದ್ರೇಶಪ್ಪನವರಿಗೆ ಹಾಗೆಂದೇ ಬರೆದುಕೊಟ್ಟೆ. ವಿಚಾರಣೆ ಆಗುವ ತನಕ ಕೆಲಸಕ್ಕೆ ಬರಬೇಡಿ ಎಂದು ಅವರು ಲಲಿತಮ್ಮನಿಗೆ ಹೇಳಿ ಕಳಿಸಿದರು.

ಮರುದಿನ ಮೂರನೇ ನಂಬರಿನಲ್ಲಿ ಬೇರೆಯವರನ್ನು ನಿಲ್ಲಿಸಿದರು. ಹಳಬರ ಸಾಮಾನನ್ನೆಲ್ಲ ಬದಿಗೆ ಸರಿಸಿ ಗುಡಿಸಿ ಕೆಲಸ ಶುರುಮಾಡಿದರು. ಮೊದಲ ದಿನ ಯಂತ್ರ ಹದಿನೇಳು ಸಲ ನಿಂತಿತು. ಎರಡನೇ ದಿನ ನಲವತ್ತು. ನಾನು ಪುಸ್ತಕವನ್ನು ರುದ್ರೇಶಪ್ಪನವರ ಮೇಜಿನ ಮೇಲೆ ತೆರೆದಿಟ್ಟೆ. “ನೋಡಿ, ಕೈ ಬದಲಾದ ಕೂಡಲೇ ಮೆಷಿನ್ ಸರಿಯಾಯ್ತು” ಎಂದೆ. ನಲವತ್ತು ಸಲ ನಿಂತ ಯಂತ್ರವನ್ನು ಸರಿಯಾಯಿತು ಎಂದವನು ಈ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಆರನೇ ದಿನ ವಿಚಾರಣೆ. ಆಫೀಸಿನಲ್ಲಿ ರುದ್ರೇಶಪ್ಪನವರು, ಚಂದ್ರೇಗೌಡ, ನಾನು. ಲಲಿತಮ್ಮ ಬಂದು ಬಾಗಿಲ ಬಳಿ ನಿಂತರು. ಕುಳಿತುಕೊಳ್ಳಿ ಎಂದು ನಾನು ಹೇಳಲಿಲ್ಲ, ರುದ್ರೇಶಪ್ಪನವರು ಹೇಳಿದರು. ಮರದ ಚಕ್ಕೆಗಳನ್ನು ಮೇಜಿನ ಮೇಲೆ ಇಟ್ಟು, ಆರು ಸಲ ನಿಲ್ಲುತ್ತಿದ್ದ ಮೆಷಿನ್ ನಲವತ್ತಕ್ಕೆ ಯಾಕೆ ಏರಿತು ಎಂದು ಕೇಳಿದೆ.

“ನನ್ನ ಕ್ಯಾನ್ ಈಗ ಎಲ್ಲಿಟ್ಟಿದಾರೆ ಸಾರ್? ನೆಲದ ಮೇಲಾ?” ಎಂದು ಅವರೇ ಕೇಳಿದರು.

ಹೌದು, ಗೋಡೆಗೆ ಒತ್ತಿ ಇಟ್ಟಿದ್ದಾರೆ ಎಂದು ಚಂದ್ರೇಗೌಡ ಹೇಳಿದ.

“ಮತ್ತೆ ನಿಲ್ಲದೆ ಇನ್ನೇನಾಗ್ತದೆ? ಸಿಮೆಂಟ್ ನೆಲ ಮಳೆಗಾಲದಲ್ಲಿ ಬೆವರ್ತದೆ. ಎಸ್ಟೇಟ್ ಗೋದಾಮಲ್ಲಿ ಕಾಫಿ ಮೂಟೆ ಹಾಗಿಟ್ರೆ ಲೆಕ್ಕ ಬರೆಯೋ ರೈಟರ್ ನಮ್ಮನ್ನ ಸುಮ್ನೆ ಬಿಡ್ತಿದ್ರಾ? ಗೋಡೆಯಿಂದ ಒಂದು ಗೇಣು, ನೆಲಕ್ಕೆ ಒಂದು ಹಲಗೆ, ಮೇಲೆ ಒಂದು ಒಣಗಿದ ಗೋಣಿ. ಹತ್ತಿ ಕಾಫಿಗಿಂತ ಜಾಸ್ತಿ ನೀರು ಕುಡೀತದೆ ಸಾರ್. ಮೂಲೇಲಿ ಹಳೇ ಕಾಫಿ ಹಲಗೆ ಬಿದ್ದಿತ್ತು, ತಗೊಂಡು ಹಾಕಿದ್ದೆ. ನೆಲ ಏರುಪೇರು, ಹಲಗೆ ಅಲ್ಲಾಡ್ತದೆ. ಅದಕ್ಕೇ ಈ ಚಕ್ಕೆ.”

“ಬೇರೆಯವರಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ದೆ. ಇದು ಮಿಲ್ಲು, ಗೋದಾಮಲ್ಲ, ಹಲಗೆ ಎಲ್ಲಾ ಓಡಾಡೋ ಕಡೆ ಅಡ್ಡ ಬೇಡ ಅಂದ್ರು ಮೇಸ್ತ್ರಿಯವ್ರು. ನಂದೊಂದು ಮೂಲೇಲಿದೆ ಅಂತ ಬಿಟ್ರು.”

ಚಂದ್ರೇಗೌಡ ಇಲ್ಲ ಎನ್ನಲಿಲ್ಲ. ಮಾತು ನಂಬುವ ಹಾಗೆ ಇತ್ತು, ಅದೇ ನನಗೆ ಸಹಿಸಲಾಗಲಿಲ್ಲ. “ಆಯ್ತು, ಒಪ್ಪಿದೆ. ಹಾಗಾದ್ರೆ ತೆಳು ನೂಲು ಎಲ್ಲಿಂದ ಬಂತು? ಯಾವುದೋ ಮೆಷಿನ್ ನಿಲ್ಲದೆ ಓಡಿದೆ, ಅದಂತೂ ಸತ್ಯ” ಎಂದೆ. ಲಲಿತಮ್ಮ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನೆಲ ನೋಡಿದ. ಇಬ್ಬರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ಮೂವತ್ತೊಂದು ವರ್ಷದ ಅನುಭವ ನನ್ನದು, ಅಷ್ಟೂ ತಿಳಿಯದೆ?

“ಹೇಳಮ್ಮ. ಯಾರನ್ನ ಕಾಪಾಡೋಕೆ ನೋಡ್ತಿದೀಯ?” ಎಂದು ಗದರಿದೆ.

“ನಿಮ್ಮನ್ನೇ ಸಾರ್” ಎಂದರು.

ಆಫೀಸಿನ ತಗಡಿನ ಸೂರಿನ ಮೇಲೆ ಮಳೆ ಸುರಿಯುತ್ತಿತ್ತು. ರುದ್ರೇಶಪ್ಪನವರು ಪೆನ್ನು ಕೆಳಗಿಟ್ಟರು.

“ಒಂದನೇ ನಂಬರಲ್ಲಿ ಏಳನೇದು ತುಂಡಾದ್ರೆ ಮೆಷಿನ್ ನಿಲ್ಲಲ್ಲ. ಹೋದ ವರ್ಷ ನೀವೇ ಹಾಗೆ ಮಾಡಿಟ್ಟು ಹೋಗಿದ್ದು. ಇಂಜಿನಿಯರ್ ಸಾಹೇಬ್ರು ಮಾಡಿದ್ದಕ್ಕೆ ಏನೋ ಕಾರಣ ಇರ್ತದೆ, ಯಾರೂ ಮುಟ್ಟಬೇಡಿ ಅಂದ್ರು ಮೇಸ್ತ್ರಿಯವ್ರು. ಆ ಮೆಷಿನ್ ನೋಡ್ಕೊಳ್ಳೋ ಗಿರಿಜಕ್ಕ ದಿನಾ ಏಳನೇದರ ಮುಂದೇನೇ ನಿಂತು ಕಣ್ಣಲ್ಲೇ ನೋಡ್ಕೊಳ್ತಿದ್ರು. ಮಗಳ ಬಾಣಂತನಕ್ಕೆ ಅಂತ ಅವರು ಹತ್ತು ದಿನ ರಜೆ ಹಾಕಿದ್ರಲ್ಲ, ಆಗ ಅಲ್ಲಿ ನಿಂತವರಿಗೆ ಇದು ಗೊತ್ತಿರ್ಲಿಲ್ಲ.”

ನಾನು ಎದ್ದು ಒಂದನೇ ನಂಬರಿಗೆ ಹೋದೆ. ಮೂವರೂ ಹಿಂದೆ ಬಂದರು. ಏಳನೇ ಸ್ಲೈವರನ್ನು ಹರಿದೆ. ಯಂತ್ರ ಓಡುತ್ತಲೇ ಇತ್ತು. ನಾನೇ ಸ್ವಿಚ್ ಆರಿಸಿ ಪೆಟ್ಟಿಗೆಯ ಮುಚ್ಚಳ ತೆರೆದೆ. ಏಳನೇ ರೋಲರಿನ ವೈರ್ ಬಿಚ್ಚಿಕೊಂಡು ನೇತಾಡುತ್ತಿತ್ತು. ಅದರ ತುದಿಗೆ ಕೆಂಪು ಟೇಪು ಸುತ್ತಿ, ಬಿಚ್ಚುವಾಗ ಉಗುರಿಗೆ ಸಿಗಲೆಂದು ಟೇಪಿನ ಕೊನೆಯನ್ನು ಒಳಕ್ಕೆ ಮಡಚಲಾಗಿತ್ತು. ಹಾಗೆ ಮಡಚುವುದು ನನ್ನ ಕೈಯ ಅಭ್ಯಾಸ. ದಾವಣಗೆರೆಯಲ್ಲಿ ಎಷ್ಟೋ ಹುಡುಗರಿಗೆ ಕಲಿಸಿದ್ದೂ ಉಂಟು.

ಆಗ ನೆನಪಾಯಿತು. ಮಿಲ್ಲಿನ ಆರಂಭದ ಪೂಜೆಯ ದಿನ. ಹೊರಗೆ ಅತಿಥಿಗಳ ಕಾರುಗಳು ಬಂದು ನಿಲ್ಲುತ್ತಿದ್ದವು. ಒಳಗೆ ಒಂದನೇ ನಂಬರ್ ಸುಮ್ಮಸುಮ್ಮನೆ ನಿಲ್ಲುತ್ತಿತ್ತು. ಏಳನೇ ರೋಲರಿನಲ್ಲಿ ಕರೆಂಟ್ ಹರಿಯದಂತೆ ತಡೆಯುವ ಇನ್ಸುಲೇಟರ್ ಬಿರುಕು ಬಿಟ್ಟಿತ್ತು. ನಾಳೆ ಹೊಸದು ಹಾಕಿದರಾಯಿತು ಎಂದು ವೈರ್ ಬಿಚ್ಚಿ ಟೇಪು ಸುತ್ತಿದೆ. ಯಂತ್ರ ನಿಲ್ಲದೆ ಓಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ನಾಳೆ ಮತ್ತೆ ಬರಲೇ ಇಲ್ಲ. ಉಳಿದ ಏಳು ರೋಲರುಗಳು ತೇವಕ್ಕೆ ಯಂತ್ರವನ್ನು ನಿಲ್ಲಿಸುತ್ತಲೇ ಇದ್ದುದರಿಂದ ಮೀಟರಿನಲ್ಲಿ ಸಂಖ್ಯೆ ದೊಡ್ಡದಾಗಿಯೇ ಬರುತ್ತಿತ್ತು. ಚೆನ್ನಾಗಿ ನಿಲ್ಲುತ್ತಿದೆ ಎಂದು ಅದರ ಕಡೆ ನಾನು ತಲೆಯನ್ನೂ ಹಾಕಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕಿದ ಹಾಗಾಯಿತು ನನ್ನ ತನಿಖೆ.

“ಇದು ನನ್ನದೇ ತಪ್ಪು” ಎಂದು ಅಲ್ಲೇ ಹೇಳಿದೆ. ಹೇಳಲು ಬಹಳ ಕಷ್ಟವಾಯಿತು, ಅದನ್ನೂ ಬರೆಯಬೇಕು. ರುದ್ರೇಶಪ್ಪನವರು, “ನಾನೂ ಯಾರು ಅಂತಲೇ ಕೇಳಿದ್ದೆ, ಏನು ಅಂತ ಕೇಳಲಿಲ್ಲ ಸಾರ್” ಎಂದರು. ನೇಯ್ಗೆಯವರಿಗೆ ಕಾರಣ ವಿವರಿಸಿ ಕಾಗದ ಬರೆದು ಕೆಳಗೆ ನನ್ನ ಸಹಿ ಹಾಕಿದೆ. ಆ ಆರು ದಿನದ ಹಾಜರಿಯನ್ನು ಲಲಿತಮ್ಮನಿಗೆ ಕೊಟ್ಟರು. ಅದೇ ವಾರ ನಾಲ್ಕೂ ಯಂತ್ರಗಳ ಕ್ಯಾನುಗಳ ಕೆಳಗೆ ಹಲಗೆ ಬಂತು, ಗೋಡೆಯಿಂದ ಒಂದು ಗೇಣು ದೂರ ಬಂತು. ಯಾವ ಯಂತ್ರವೂ ಆಮೇಲೆ ದಿನಕ್ಕೆ ಹನ್ನೆರಡಕ್ಕಿಂತ ಹೆಚ್ಚು ಸಲ ನಿಲ್ಲಲಿಲ್ಲ. ಇನ್ಸುಲೇಟರನ್ನು ನಾನೇ ಕೂತು ಬದಲಾಯಿಸಿದೆ.

ಅನುಮಾನ ಪಡುವುದನ್ನು ಈ ಘಟನೆಯಿಂದ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಅದು ನಮ್ಮ ವೃತ್ತಿಗೆ ಬೇಕು. ಆದರೆ ಈಗ ಯಾವುದೇ ಯಂತ್ರದ ಮುಂದೆ ನಿಂತರೂ ಮೊದಲು ಕೇಳಿಕೊಳ್ಳುವುದು, ಇದನ್ನು ಕೊನೆಯ ಸಲ ನಾನು ಮುಟ್ಟಿದಾಗ ಏನು ಮಾಡಿದ್ದೆ ಎಂದು. ಕೆಲಸದವರೆಲ್ಲರಿಗೂ ಗೊತ್ತಿದ್ದು ನನಗೊಬ್ಬನಿಗೇ ಗೊತ್ತಿಲ್ಲದ ಸಂಗತಿ ಏನಾದರೂ ಇದೆಯೇ ಎಂದು ಅವರನ್ನೂ ಕೇಳುತ್ತೇನೆ. ಹೇಳಲು ಅವರಿಗೆ ಹೆದರಿಕೆಯಾಗದ ಹಾಗೆ ಕೇಳುವುದನ್ನು ಇನ್ನೂ ಕಲಿಯುತ್ತಿದ್ದೇನೆ.

ಲಲಿತಮ್ಮ ಕೆಲಸಕ್ಕೆ ಮರಳಿದ ದಿನ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನಲ್ಲಿ ಹೋಗಿ ನಿಂತೆ. ಅವರ ಬ್ಯಾಗ್ ತೆಗೆಸಿದ ದಿನ ಇದ್ದ ಅದೇ ಇಪ್ಪತ್ತು ಜನರ ಮುಂದೆ, “ಅವತ್ತು ನಾನು ಮಾಡಿದ್ದು ತಪ್ಪು ಲಲಿತಮ್ಮನವರೇ, ಕ್ಷಮಿಸಿ” ಎಂದೆ. ನನ್ನ ಟೂಲ್ ಬ್ಯಾಗನ್ನು ವಾಚ್‌ಮನ್‌ನ ಮೇಜಿನ ಮೇಲೆ ಇಟ್ಟು ಅದರ ಬಾಯಿ ತೆರೆದೆ. ಇನ್ನು ಮೇಲೆ ಬರುವಾಗ ಹೋಗುವಾಗ ಇದನ್ನೂ ನೋಡಿ ಎಂದೆ. ಲಲಿತಮ್ಮ ಒಂದು ಹೆಜ್ಜೆ ಮುಂದೆ ಬಂದು ಬ್ಯಾಗಿನೊಳಗೆ ಬಗ್ಗಿ ನೋಡಿದರು. ಸ್ಪ್ಯಾನರು, ಟೆಸ್ಟರು, ಕಟಿಂಗ್ ಪ್ಲೇಯರು ಎಲ್ಲವನ್ನೂ ನಿಧಾನವಾಗಿ ಸರಿಸಿ ಕೆಂಪು ಟೇಪಿನ ಸುರುಳಿಯನ್ನು ಎತ್ತಿ ವಾಚ್‌ಮನ್ ಕೈಗೆ ಕೊಟ್ಟರು.

“ಇದೊಂದು ಇಲ್ಲೇ ಇರ್ಲಿ ಸಾರ್. ಬೇಕಾದಾಗ ಹೇಳಿ ತಗೊಳ್ಳಿ.”